ಹ ಬಿಟ್ಟ ಹೆಸರುಗಳು

ಕಳೆದ ವರ್ಷ ಅವ್ವನ ಕಣ್ಣಿಗೆ ಪೊರೆ ಬಂದಿದೆಯೆಂದು ಅವಳನ್ನು ಬೆಂಗಳೂರಿನ ಒಂದು ಆಸ್ಪತ್ರೆಗೆ ಕರೆದೊಯ್ದಿದ್ದೆ. ಹೆಸರು ಬರೆಸಿ, ಅವಳನ್ನು ಸಾಲುಕುರ್ಚಿಯೊಂದರಲ್ಲಿ ಕೂರಿಸಿ, ಅಡ್ಡಾದಿಡ್ಡಿ ನಿಲ್ಲಿಸಿದ್ದ ಗಾಡಿಯನ್ನು ಸರಿಯಾದ ಜಾಗಕ್ಕೆ ಸೇರಿಸಿ ಬರೋಣವೆಂದು ಕೆಳಗಿಳಿದು ಹೋದವನು ಹಿಂತಿರುಗುವಷ್ಟರಲ್ಲಿ ಇಪ್ಪತ್ತು ನಿಮಿಷ ಕಳೆದಿತ್ತು. ಅವ್ವ ಕೂತಲ್ಲೇ ಕೂತಿದ್ದಳು. ಅವಳ ನಂತರ ಬಂದವರು ಆಗಲೇ ಕಣ್ಣಿಗೆ ಹನಿ ಹಾಕಿಸಿಕೊಂಡು, ತಲೆಯನ್ನು ಗೋಡೆಗೆ ಒರಗಿಸಿ, ಕಣ್ಣು ಮುಚ್ಚಿಕೊಂಡಿದ್ದರು. ಮೇಜಿನ ಬಳಿ ಹೋಗಿ ಸ್ವಲ್ಪ ಗಡುಸಾಗಿಯೇ ವಿಚಾರಿಸಿದೆ. ಅಲ್ಲಿದ್ದ ಮಲಯಾಳಿ ನರ್ಸ್ ತಾನು ಮೂರು ಸಲ ಕರೆದೆನೆಂದೂ ಯಾರೂ ಏಳಲಿಲ್ಲವೆಂದೂ ಹೇಳಿ, ಸಾಕ್ಷಿಗೆಂಬಂತೆ ಕಂಪ್ಯೂಟರಿನ ಪರದೆಯನ್ನು ನನ್ನ ಕಡೆ ತಿರುಗಿಸಿದಳು. ಇಂಗ್ಲಿಷ್ ಅಕ್ಷರಗಳಲ್ಲಿದ್ದ ಅವ್ವನ ಹೆಸರನ್ನು ಮತ್ತೊಮ್ಮೆ ಓದಿಯೂ ತೋರಿಸಿದಳು. ಅವಳ ಬಾಯಲ್ಲಿ ಅದು 'ಹಲಮಾ' ಆಗಿತ್ತು.

ಹಿಂತಿರುಗಿ ಅವ್ವನ ಬಳಿ ಬಂದು, ಕರೆದದ್ದು ಕೇಳಿಸಲಿಲ್ಲವೇ ಎಂದೆ. "ನನ್ನೆಲ್ಲಿ ಕರುದ್ರು? ಯಾವ್ದೋ ಅಲ್ಮೇರ ಅಲ್ಮೇರ ಅಂತ ಕೂಗ್ತಿದ್ಲು ಕಣಪ್ಪ. ಅಲ್ಮೇರಕ್ಕೆ ನಾನ್ಯಾಕೆ ಎದ್ದು ಓಗ್ಲಿ?" ಎಂದಳು.

ನಗು ಬಂತು, ನಿಜ. ಆದರೆ ಅಂದು ಸಂಜೆ ಊರಿನ ಬಸ್ಸಿನಲ್ಲಿ ಅವಳ ಪಕ್ಕ ಕುಳಿತಾಗ ಒಂದು ವಿಷಯ ತಲೆಗೆ ಹೊಕ್ಕು, ಇಂದಿಗೂ ಹೊರಗೆ ಹೋಗಿಲ್ಲ. ಆ ನರ್ಸ್ ಸರಿಯಾಗಿ 'ಹಾಲಮ್ಮ' ಎಂದೇ ಕೂಗಿದ್ದರೂ ಅವ್ವ ಏಳುತ್ತಿದ್ದಳೇ ಎಂಬುದೇ ಆ ಅನುಮಾನ. ಎಪ್ಪತ್ತು ವರ್ಷ ಅವಳನ್ನು ಯಾರೂ ಹಾಗೆ ಕರೆದಿಲ್ಲ. ತವರಿನಲ್ಲಿ, ಗಂಡನ ಮನೆಯಲ್ಲಿ, ಸಂತೆಯಲ್ಲಿ, ರೇಷನ್ ಅಂಗಡಿಯಲ್ಲಿ ಅವಳು 'ಆಲಮ್ಮ'. 'ಹಾಲಮ್ಮ' ಎಂಬುದು ಪಡಿತರ ಚೀಟಿಯಲ್ಲಿ, ಪಹಣಿಯಲ್ಲಿ, ಆಧಾರ್ ಕಾರ್ಡಿನಲ್ಲಿ ವಾಸಿಸುವ ಇನ್ನೊಬ್ಬ ಹೆಂಗಸು. ನನ್ನ ಹೆಸರಿನ ಕಥೆಯೂ ಅದೇ. ಕಾಗದದ ಮೇಲೆ ನಾನು ಹನುಮಂತ. ಬೇಲೂರು ತಾಲ್ಲೂಕಿನ ನಮ್ಮ ಊರಿನಲ್ಲಿ ಅನ್ಮಂತ.

ಅಂಗೈಗೆ ತಾಗುವ ಉಸಿರು

ನಮ್ಮ ಕಡೆಯವರ ಬಾಯಲ್ಲಿ 'ಹ' ನಿಲ್ಲುವುದಿಲ್ಲ. ಜಿಲ್ಲೆಯ ಹೆಸರೇ ಹಾಸನವಾದರೂ ನಾವು ಹೋಗುವುದು 'ಆಸ್ನ'ಕ್ಕೆ. ಬಸ್ ನಿಲ್ದಾಣದಲ್ಲಿ ಕಂಡಕ್ಟರ್ ಕೂಗುವುದು 'ಒಳೇನರ್ಸೀಪ್ರ'. ಹಾಲು ಆಲು, ಹೂವು ಊವು, ಹೊಲ ಒಲ. ಮಂಡ್ಯ, ಮೈಸೂರು, ಚಾಮರಾಜನಗರ, ತುಮಕೂರುಗಳ ಹಳ್ಳಿಗಳಲ್ಲೂ ಇದೇ ಮಾತು. ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕನ್ನಡದ ಹಾಸ್ಯ ಕಲಾವಿದರಲ್ಲಿ ಅರ್ಧ ಜನ ಇದರಿಂದಲೇ ಊಟ ಮಾಡಿದ್ದಾರೆ. ಟಿವಿಯಲ್ಲಿ ಸುದ್ದಿ ಓದುವವರ ಅ-ಹ ಗೊಂದಲವನ್ನು ಕುರಿತ ಜೋಕುಗಳು ಎಲ್ಲರಿಗೂ ಗೊತ್ತು. ಸ್ವಾಗತ ಭಾಷಣದ ಆ ಹಳೆಯ ಜೋಕನ್ನಂತೂ ನಾನಿಲ್ಲಿ ಮತ್ತೊಮ್ಮೆ ಹೇಳುವುದಿಲ್ಲ.

ಪ್ರೌಢಶಾಲೆಗೆಂದು ಪಟ್ಟಣಕ್ಕೆ ಸೇರಿದ ವರ್ಷ ಕನ್ನಡ ಮೇಷ್ಟ್ರು ಹಾಜರಿ ಕೂಗುತ್ತಾ ನನ್ನ ಹೆಸರು ಬಂದಾಗ ನಿಲ್ಲಿಸಿದರು. ಹೆಸರೇನೆಂದು ನನ್ನ ಬಾಯಿಂದಲೇ ಕೇಳಿದರು. ನಾನು ಹೇಳಿದೆ. ತರಗತಿ ನಕ್ಕಿತು. ಮೇಷ್ಟ್ರು ಕೆಟ್ಟವರಲ್ಲ. ಅವರು ನನ್ನನ್ನು ಹತ್ತಿರ ಕರೆದು, ನನ್ನ ಅಂಗೈಯನ್ನು ನನ್ನ ಬಾಯಿಯ ಮುಂದೆ ನಾಲ್ಕು ಬೆರಳು ದೂರದಲ್ಲಿ ಹಿಡಿಸಿ, "ಅ ಅಂದರೆ ಕೈಗೆ ಏನೂ ತಾಗಬಾರದು, ಹ ಅಂದರೆ ಬಿಸಿಯುಸಿರು ತಾಗಬೇಕು" ಎಂದು ಹೇಳಿಕೊಟ್ಟರು. ಇಡೀ ವಾರ ನಾನು ಆ ಅಭ್ಯಾಸ ಮಾಡಿದೆ. ಹಾಸ್ಟೆಲಿನ ಹೊರಗೆ ಹುಣಸೆಮರದ ಕೆಳಗೆ ನಿಂತು, ಅಂಗೈ ಮುಂದೆ ಹಿಡಿದು, ಹಾಲು, ಹೂವು, ಹೊಲ, ಹನುಮಂತ ಎಂದು ಕೈ ಬಿಸಿ ಮಾಡಿಕೊಳ್ಳುತ್ತಿದ್ದ ಹದಿಮೂರು ವರ್ಷದ ಹುಡುಗನನ್ನು ನೋಡಿದವರು ಅವನಿಗೆ ಏನೋ ಆಗಿದೆಯೆಂದೇ ತಿಳಿದಿರಬೇಕು.

ಕಲಿತೆ. ಅತಿಯಾಗಿ ಕಲಿತೆ. ಆ ವರ್ಷದ ರಾಜ್ಯೋತ್ಸವದ ಭಾಷಣದಲ್ಲಿ ನಮ್ಮ ಜಿಲ್ಲೆಯ ತಾಲ್ಲೂಕುಗಳನ್ನು ಹೇಳುವಾಗ, ಎಲ್ಲಿಯೂ ಹ ಬಿಟ್ಟುಹೋಗಬಾರದೆಂಬ ಭಯದಲ್ಲಿ, ಅರಸೀಕೆರೆಯನ್ನು 'ಹರಸೀಕೆರೆ' ಎಂದುಬಿಟ್ಟೆ. ಅರಕಲಗೂಡು ಬಂದಾಗ ತಪ್ಪಿನ ಅರಿವಾಗಿ ಬಾಯಿ ಒಣಗಿತು, ಮುಂದಿನ ಸಾಲು ಮರೆತುಹೋಯಿತು. ಭಾಷಾಶಾಸ್ತ್ರ ಓದಿದವರು ಇದನ್ನು ಅತಿತಿದ್ದುಪಡಿ ಎನ್ನುತ್ತಾರೆ. ಅಕ್ಕಿಗೆ ಹಕ್ಕಿ ಎನ್ನುವವನು ಉಡಾಫೆಯ ಮನುಷ್ಯನಲ್ಲ, ಎಲ್ಲೋ ಒಮ್ಮೆ ನಗೆಗೀಡಾಗಿ ಹೆದರಿದವನು ಎಂಬುದು ನನ್ನ ಅನುಭವ. ಹುಟ್ಟಿನಿಂದ ಹ ಇಲ್ಲದವನಿಗೆ ಅದನ್ನು ಎಲ್ಲಿ ಹಾಕಬೇಕೆಂಬುದು ಕಿವಿಗೆ ಗೊತ್ತಿರುವುದಿಲ್ಲ. ಪದಪದಕ್ಕೂ ಬಾಯಿಪಾಠ ಮಾಡಬೇಕಾಗುತ್ತದೆ.

(ಇಂಗ್ಲಿಷಿನ ಎಂಟನೆಯ ಅಕ್ಷರವನ್ನು ನಮ್ಮವರು 'ಹೆಚ್' ಎನ್ನುತ್ತಾರೆ. ಹ ಇರುವ ಕಡೆಯೆಲ್ಲ ಅದನ್ನು ಬಿಡುವ ಬಾಯಿ, ಇಲ್ಲದ ಈ ಒಂದು ಕಡೆ ಮಾತ್ರ ಮುತುವರ್ಜಿಯಿಂದ ಸೇರಿಸುತ್ತದೆ. ಹೆಗ್ಗಡದೇವನಕೋಟೆಯನ್ನು ಚಿಕ್ಕದು ಮಾಡಿದ್ದೇ ಬಾಯಿಗೆ ಸುಲಭವಾಗಲೆಂದು; ಅದನ್ನು ಕೆಲವು ಬೋರ್ಡುಗಳು 'ಎಚ್.ಡಿ. ಕೋಟೆ' ಎಂದೂ ಕೆಲವು 'ಹೆಚ್.ಡಿ. ಕೋಟೆ' ಎಂದೂ ಬರೆದುಕೊಂಡಿವೆ. ನನ್ನ ಇನಿಷಿಯಲ್ಲಿನಲ್ಲೂ ಈ ಅಕ್ಷರವಿದೆ. ಹೆಸರಿನ ಹ ಕೈಕೊಟ್ಟರೂ ಇನಿಷಿಯಲ್ಲಿನ ಹ ಎಂದೂ ಕೈಕೊಟ್ಟಿಲ್ಲ.)

ಪಲ್ಮಿಡಿ

ನಮ್ಮ ಊರಿಗೆ ಹಲ್ಮಿಡಿ ದೂರವಲ್ಲ. ಕನ್ನಡದ ಅತಿ ಹಳೆಯ ಶಾಸನಗಳ ಮಾತು ಬಂದಾಗ ಮೊದಲು ನೆನಪಾಗುವ, ಸುಮಾರು ಕ್ರಿ.ಶ. 450ರದೆಂದು ಪಾಠಪುಸ್ತಕದಲ್ಲಿ ಎಲ್ಲರೂ ಓದಿರುವ ಆ ಶಾಸನದ ಹಲ್ಮಿಡಿ. ಮೂಲ ಕಲ್ಲು ಈಗ ಅಲ್ಲಿಲ್ಲ, ಅದರ ಪ್ರತಿಕೃತಿಯೊಂದನ್ನು ನಿಲ್ಲಿಸಿದ್ದಾರೆ. ಸಂಬಂಧಿಕರ ಮನೆಗೆ ಹೋದಾಗಲೆಲ್ಲ ಅದರ ಮುಂದೆ ಹಾದುಹೋಗಿದ್ದರೂ, ಶಾಸನದ ಪಾಠವನ್ನು ಕುಳಿತು ಓದಿದ್ದು ಬಹಳ ತಡವಾಗಿ, ಮೂವತ್ತು ದಾಟಿದ ಮೇಲೆ. ವೀರನೊಬ್ಬನಿಗೆ ಬಾಳ್ಗಚ್ಚಾಗಿ, ಅಂದರೆ ಶೌರ್ಯವನ್ನು ಮೆಚ್ಚಿ ಕೊಡುವ ದತ್ತಿಯಾಗಿ, ಕೊಟ್ಟ ಎರಡು ಊರುಗಳ ಹೆಸರು ಅದರಲ್ಲಿ ಬರುತ್ತದೆ. ಒಂದು ಮೂೞಿವಳ್ಳಿ. ಇನ್ನೊಂದು ಪಲ್ಮಿಡಿ.

ಪಲ್ಮಿಡಿ! ಶಾಸನ ಬರೆಯಿಸಿದವರ ಬಾಯಲ್ಲಿ ಆ ಊರಿಗೆ ಹ ಇರಲೇ ಇಲ್ಲ. ಅಲ್ಲಿದ್ದದ್ದು ಪ.

ಕನ್ನಡ ಎಂ.ಎ. ಓದಿದವರಿಗೆ ಇದರಲ್ಲಿ ಹೊಸದೇನೂ ಇಲ್ಲ. ಪರೀಕ್ಷೆಗೆ ಬರುವ ಪ್ರಶ್ನೆ. ಹಳಗನ್ನಡದ ಪದಗಳ ಮೊದಲಲ್ಲಿದ್ದ ಪಕಾರ, ಸುಮಾರು 10ನೇ ಶತಮಾನದಿಂದ ಆರಂಭಿಸಿ ಮುಂದಿನ ಮೂರು ನಾಲ್ಕು ಶತಮಾನಗಳಲ್ಲಿ ಹಕಾರವಾಯಿತು. ಪೊಸ ಹೊಸ ಆಯಿತು, ಪುಲಿ ಹುಲಿ ಆಯಿತು, ಪಳ್ಳಿ ಹಳ್ಳಿ ಆಯಿತು. 10ನೇ ಶತಮಾನದ ಚಂಪೂ ಕಾವ್ಯಗಳಲ್ಲಿ ಕುಡಿಯುವುದು 'ಪಾಲ್', 12ನೇ ಶತಮಾನದ ವಚನಗಳ ಹೊತ್ತಿಗೆ ಅದು 'ಹಾಲು'. ನಾನೂ ಧಾರವಾಡದಲ್ಲಿ ಇದನ್ನು ಉರುಹೊಡೆದು, ಉತ್ತರ ಬರೆದು, ಅಂಕ ಪಡೆದವನೇ. ಆದರೆ ಅದು ನನ್ನ ಅವ್ವನ ಹೆಸರಿನ ಮಾತೆಂದು ಆಗ ಹೊಳೆಯಲಿಲ್ಲ. ತಮಿಳರದು ಪಾಲ್, ಮಲಯಾಳಿಗಳದು ಪಾಲ್, ತೆಲುಗರದು ಪಾಲು, ತುಳುವರದು ಪೇರ್. ಕನ್ನಡದ ಪುಸ್ತಕದಲ್ಲಿ ಹಾಲು, ನಮ್ಮ ಕೊಟ್ಟಿಗೆಯಲ್ಲಿ ಆಲು. ಪ ಎನ್ನುವಾಗ ಎರಡು ತುಟಿಗಳೂ ಮುಚ್ಚಿ ಬಿಚ್ಚಬೇಕು. ಹ ಎನ್ನುವಾಗ ತುಟಿಗೆ ಕೆಲಸವಿಲ್ಲ, ಉಸಿರೊಂದು ಸಾಕು. ಆ ಉಸಿರೂ ಹೋದರೆ ಉಳಿಯುವುದು ಆ. ಸಾವಿರ ವರ್ಷದ ಹಿಂದೆ ಹೊರಟ ಒಂದು ಪ್ರಯಾಣದಲ್ಲಿ ಪುಸ್ತಕದ ಕನ್ನಡ ನಡುವಿನ ನಿಲ್ದಾಣದಲ್ಲಿ ಇಳಿದುಕೊಂಡಿತು, ನಮ್ಮ ಊರಿನವರು ಅದೇ ಬಸ್ಸಿನಲ್ಲಿ ಮುಂದಕ್ಕೆ ಹೋದರು. ಪಲ್ಮಿಡಿ, ಹಲ್ಮಿಡಿ, ಅಲ್ಮಿಡಿ.

ಇಲ್ಲಿ ಒಂದು ಆಕ್ಷೇಪಕ್ಕೆ ಜಾಗವಿದೆ, ನನಗೂ ಗೊತ್ತು. ಎಲ್ಲ ಹಕಾರವೂ ಪಕಾರದಿಂದ ಬಂದದ್ದಲ್ಲ. ಹನುಮಂತನ ಹ ಸಂಸ್ಕೃತದಿಂದ ನೇರವಾಗಿ ಬಂದದ್ದು, ಅದು ಯಾವ ಕಾಲಕ್ಕೂ ಪನುಮಂತ ಆಗಿರಲಿಲ್ಲ. ಹಾಗಿದ್ದ ಮೇಲೆ ಅನ್ಮಂತ ಎನ್ನುವುದಕ್ಕೆ ಈ ಇತಿಹಾಸದ ರಕ್ಷಣೆ ಸಿಗುವುದಿಲ್ಲವಲ್ಲ ಎಂದು ಕೇಳಬಹುದು. ಆದರೆ ಬಾಯಿ ಪದದ ಜಾತಕ ನೋಡಿ ಉಚ್ಚರಿಸುವುದಿಲ್ಲ. ಹ ಬಿಡುವುದೆಂದಾದರೆ ದೇಸಿ ಹಾಲಿನದ್ದನ್ನೂ ಬಿಡುತ್ತದೆ, ಸಂಸ್ಕೃತದ ಹನುಮಂತನದ್ದನ್ನೂ ಬಿಡುತ್ತದೆ. ನನ್ನ ಪ್ರಕಾರ ಅದು ನಿಯಮ ಮೀರಿದ್ದಲ್ಲ, ನಿಯಮವನ್ನು ಪಕ್ಷಪಾತವಿಲ್ಲದೆ ಪಾಲಿಸಿದ್ದು. ತಮಿಳಿನಲ್ಲೂ ಅವನು ಅನುಮನ್. ಅಲ್ಲಿ ಅದಕ್ಕೆ ಯಾರೂ ನಗುವುದಿಲ್ಲ.

ಇದರ ತಮಾಷೆಯನ್ನು ನೋಡಬೇಕಾದರೆ ಅತ್ತಿಬೆಲೆಯ ಕಡೆ ಹೋಗಬೇಕು. ಬೆಂಗಳೂರಿನಿಂದ ಹೊರಡುವ ಬಸ್ಸಿನ ಮೇಲೆ ಕನ್ನಡದಲ್ಲಿ 'ಹೊಸೂರು' ಎಂದಿರುತ್ತದೆ. ಗಡಿ ದಾಟಿದೊಡನೆ ತಮಿಳು ಬೋರ್ಡುಗಳಲ್ಲಿ ಅದೇ ಊರು 'ಓಸೂರ್'. ನಮ್ಮ ಹಳ್ಳಿಯವನು 'ಒಸೂರು' ಎಂದರೆ ಅದು ಅಶುದ್ಧ. ಹತ್ತು ನಿಮಿಷದ ದಾರಿಯಾಚೆಗೆ, ಹ ಇಲ್ಲದ ಅದೇ ಹೆಸರಿಗೆ ಸರ್ಕಾರದ ಮುದ್ರೆ ಬಿದ್ದಿದೆ.

ಹಣಮಂತನಾದ ವರ್ಷಗಳು

ಧಾರವಾಡಕ್ಕೆ ಎಂ.ಎ. ಓದಲು ಹೋದಾಗ, ಏಳೆಂಟು ವರ್ಷ ಕಷ್ಟಪಟ್ಟು ಗಳಿಸಿದ ನನ್ನ ಹನುಮಂತನನ್ನು ಯಾರೂ ಬಳಸಲೇ ಇಲ್ಲ. ಹಾಸ್ಟೆಲಿನ ಕೋಣೆಯ ಜೊತೆಗಾರ ಬಾದಾಮಿ ಕಡೆಯವನು. ಮೊದಲ ದಿನವೇ ನನ್ನನ್ನು 'ಹಣಮಂತ' ಮಾಡಿದ, ವಾರದೊಳಗೆ 'ಹಣಮ್ಯಾ' ಮಾಡಿದ. ಹ ಅಲ್ಲಿ ಗಟ್ಟಿಯಾಗಿತ್ತು, ಅದರ ಮುಂದಿನ ನ ಮಾತ್ರ ಣ ಆಗಿ ಹೊರಳಿತ್ತು. ನಾನು ನಕಾರ ಎಂದು ತಿದ್ದಲು ಹೋದೆ. ಅವನು ತನ್ನ ಊರಿನಲ್ಲಿ ಹಣಮಪ್ಪ, ಹಣಮವ್ವ, ಹಣಮಂತಗೌಡ ಎಂದು ಹತ್ತು ಜನರನ್ನು ಎಣಿಸಿ ತೋರಿಸಿ, "ಇಷ್ಟು ಮಂದಿ ಸೇರಿ ತಪ್ಪ ಹೇಳತೀವೇನಪಾ?" ಎಂದು ಕೇಳಿದ. ಉತ್ತರವಿರಲಿಲ್ಲ.

ಅವನಿಗೂ ಒಂದು ತಕರಾರಿತ್ತು. ಅವನ ತಂದೆಯ ಹೆಸರು ಬಸವರಾಜ. ಬೆಂಗಳೂರಿನಿಂದ ಬರುವ ಫೋನುಗಳಲ್ಲಿ, ಅಂಚೆಯಲ್ಲಿ ಅದು ಸದಾ 'ಬಸವರಾಜ್'. ನಮ್ಮ ಕಡೆ ಮಂಜುನಾಥ, ಸುರೇಶ, ನಾಗರಾಜ ಎಲ್ಲರ ಬಾಲವನ್ನೂ ಕತ್ತರಿಸಿ ಮಂಜುನಾಥ್, ಸುರೇಶ್, ನಾಗರಾಜ್ ಮಾಡುವುದು ಪೇಟೆಯ ಲಕ್ಷಣವೆನಿಸಿಕೊಂಡಿದೆ. ಹಿಂದಿಯ ಪ್ರಭಾವವೋ ಇಂಗ್ಲಿಷ್ ಕಾಗುಣಿತದ ಪ್ರಭಾವವೋ, ಎರಡೂ ಇರಬಹುದು. ಧಾರವಾಡದವರು ಕೊನೆಯ ಅಕಾರವನ್ನು ಪೂರ್ತಿ ಉಳಿಸಿಕೊಂಡವರು. "ರಾಜ ಇದ್ದಾವ್ನ ರಾಜ್ ಮಾಡಿ ಇಟ್ಟೀರಿ" ಎಂದು ಅವನು ಗೊಣಗುತ್ತಿದ್ದದ್ದು ನನಗೆ ಈಗಲೂ ಒಪ್ಪಿಗೆಯೇ. ಹೆಣ್ಣುಮಕ್ಕಳ ಹೆಸರಿನಲ್ಲಿ ಇನ್ನೊಂದು ಚೋದ್ಯ. ನಾವು ಹೆತ್ತವಳನ್ನು ಅವ್ವ ಎನ್ನುತ್ತೇವೆ, ಆದರೆ ಹೆಸರಿಗೆ ಅಮ್ಮ ಸೇರಿಸುತ್ತೇವೆ: ಬಸಮ್ಮ, ನೀಲಮ್ಮ, ಹಾಲಮ್ಮ. ಅಲ್ಲಿ ಹೆಸರಿಗೂ ಅವ್ವನೇ: ಬಸವ್ವ, ನೀಲವ್ವ. ನನ್ನ ಅವ್ವ ಬಾದಾಮಿಯಲ್ಲಿ ಹುಟ್ಟಿದ್ದರೆ ಹಾಲವ್ವ ಆಗಿರುತ್ತಿದ್ದಳು, ಅವಳ ಹಕಾರವೂ ಉಳಿಯುತ್ತಿತ್ತು.

ಊರಿನ ಹೆಸರುಗಳನ್ನು ನಾನು ಮತ್ತೆ ಕಲಿತದ್ದು ಹುಬ್ಬಳ್ಳಿಯ ಬಸ್ ನಿಲ್ದಾಣದಲ್ಲಿ. ರಜೆಗೆ ಊರಿಗೆ ಹೊರಟವನು ದಾವಣಗೆರೆಯ ಬಸ್ಸಿಗಾಗಿ ಮುಕ್ಕಾಲು ಗಂಟೆ ಕಾದು ನಿಂತಿದ್ದೆ. ಕಣ್ಣೆದುರಿಗೇ ನಿಂತ ಬಸ್ಸಿನ ಬೋರ್ಡಿಗೆ ಕೆಸರು ಮೆತ್ತಿತ್ತು, ಕಂಡಕ್ಟರ್ ಬಾಗಿಲಲ್ಲಿ ನಿಂತು 'ದಾವಣಗೇರಿ, ದಾವಣಗೇರಿ' ಎಂದು ಗಂಟಲು ಹರಿಯುವಂತೆ ಕೂಗುತ್ತಿದ್ದ. ಕೇಳಿಸಿತ್ತು. ಆದರೆ ಹಾವೇರಿಯ ಹಾಗೆ ಅದೂ ಯಾವುದೋ ಬೇರೆ 'ಏರಿ' ಎಂದುಕೊಂಡು ನಾನು ಕದಲಲಿಲ್ಲ. ಬಸ್ಸು ಹೊರಟ ಮೇಲೆ ಪಕ್ಕದಲ್ಲಿ ಕಡಲೆ ಮಾರುತ್ತಿದ್ದ ಮುದುಕ, ನಾನು ಎಲ್ಲಿಗೆ ಹೋಗಬೇಕೆಂದು ವಿಚಾರಿಸಿ, ಆ ಹೋದ ಬಸ್ಸಿನ ಹೊಗೆಯ ಕಡೆ ಕೈ ತೋರಿಸಿದ. ಅಂದು ನಾನು ಕೂತಲ್ಲೇ ಕೂತಿದ್ದ ಅವ್ವನಾಗಿದ್ದೆ ಎಂಬುದು ಆಸ್ಪತ್ರೆಯ ಘಟನೆಯಾದ ಮೇಲೆ ಹೊಳೆಯಿತು.

ಆಮೇಲೆ ಸೂತ್ರ ಸಿಕ್ಕಿತು. ಮನೆ ಅಲ್ಲಿ ಮನಿ, ಶಾಲೆ ಶಾಲಿ. ಪದದ ಕೊನೆಯ ಎಕಾರ ಇಕಾರವಾಗುವ ಈ ಸೂತ್ರವನ್ನು ಹಿಡಿದರೆ ದಾವಣಗೆರೆ, ಬಾಗಲಕೋಟೆ, ಹೊಸಪೇಟೆ ಎಲ್ಲವೂ ಬಿಚ್ಚಿಕೊಳ್ಳುತ್ತವೆ. ಇನ್ನೂ ಹಳ್ಳಿಯ ಕಡೆ ಹೋದರೆ ಬಾಗಲಕ್ವಾಟಿ, ಹೊಸಪ್ಯಾಟಿ. ಈ 'ಪ್ಯಾ' ಕೇಳಿದಾಗ ನನಗೆ ಊರು ನೆನಪಾಗುತ್ತಿತ್ತು, ಏಕೆಂದರೆ ಚಾಮರಾಜನಗರದ ಕಡೆಯ ನಮ್ಮ ನೆಂಟರು ಹೋಗುತ್ತಿದ್ದದ್ದು 'ಗುಂಡ್ಲುಪ್ಯಾಟೆ'ಗೆ. ತಮಿಳುನಾಡಿನ ಗಡಿಗೆ ತಾಗಿದ ಗುಂಡ್ಲುಪೇಟೆಯಿಂದ ತುಂಗಭದ್ರೆಯ ದಂಡೆಯ ಹೊಸಪೇಟೆಯವರೆಗೆ, ಹಳ್ಳಿಯ ಬಾಯಲ್ಲಿ 'ಪೇಟೆ' ಎಂಬುದು ಎಲ್ಲಿಯೂ ಇಲ್ಲ. ಪ್ಯಾಟೆ ಇದೆ, ಪ್ಯಾಟಿ ಇದೆ; ಕೊನೆಯ ಸ್ವರವೊಂದೇ ಯಾರು ಎಲ್ಲಿಯವರೆಂದು ಹೇಳುತ್ತದೆ. ಪೇಟೆ ಇರುವುದು ಬೋರ್ಡಿನ ಮೇಲೆ ಮಾತ್ರ. ಹೊಸಪೇಟೆ ಎಂಬ ಒಂದೇ ಹೆಸರಿನೊಳಗೆ ಪೊಸ ಹೊಸವಾಗಿದೆ, ಪೇಟೆಯ ಪಕಾರ ಅಲುಗದೆ ಕೂತಿದೆ. ಊರಿನ ಹೆಸರುಗಳು ಹೀಗೆ ಅರ್ಧ ಹಳತು ಅರ್ಧ ಹೊಸತಾಗಿ ಉಳಿಯುವುದು ನನಗೆ ಬಹಳ ಇಷ್ಟ.

ಕರಾವಳಿಯ ವಿಷಯ ನನಗೆ ಅಷ್ಟು ತಿಳಿಯದು. ಮಂಗಳೂರಂತೂ ತುಳುವಿನಲ್ಲಿ ಕುಡ್ಲ, ಕೊಂಕಣಿಯಲ್ಲಿ ಕೊಡಿಯಾಲ, ಬ್ಯಾರಿಯಲ್ಲಿ ಮೈಕಾಲ. ಅದು ಉಚ್ಚಾರಣೆಯ ಭೇದವಲ್ಲ, ಬೇರೆ ಬೇರೆ ಹೆಸರುಗಳೇ. ಆದರೆ ಕುಂದಾಪುರದ ಸಹೋದ್ಯೋಗಿಯೊಬ್ಬರು ತಮ್ಮ ಊರನ್ನು 'ಕುಂದಾಪ್ರ' ಎನ್ನುವಾಗ ಕಿವಿ ನೆಟ್ಟಗಾಗುತ್ತದೆ. ಪುರವನ್ನು ಪ್ರ ಮಾಡುವುದು ನಮ್ಮ ನರ್ಸೀಪ್ರದವರು ಮಾತ್ರ ಅಂದುಕೊಂಡಿದ್ದೆ. ಘಟ್ಟದ ಕೆಳಗಿನವರೂ ಅದನ್ನೇ ಮಾಡಿದ್ದಾರೆ. ಒಂದು ವ್ಯತ್ಯಾಸವಿದೆ. ಅವರು ಅದಕ್ಕೆ ನಾಚಿಕೊಂಡಿಲ್ಲ. ಕುಂದಾಪ್ರ ಕನ್ನಡವೆಂದು ತಮ್ಮ ನುಡಿಗೆ ಅದನ್ನೇ ಹೆಸರಾಗಿಟ್ಟು, ಆಷಾಢ ಅಮಾವಾಸ್ಯೆಯ ದಿನ ಅದರ ಹಬ್ಬವನ್ನೂ ಮಾಡುತ್ತಾರೆ. ಹ ಬಿಟ್ಟ ಕನ್ನಡಕ್ಕೆ ಹಬ್ಬ ಮಾಡುವ ಯೋಚನೆ ಹಾಸನದಲ್ಲಿ ಯಾರಿಗೂ ಬಂದಿಲ್ಲ. ಮಾಡಿದರೆ ಅದನ್ನು ಅಬ್ಬ ಎನ್ನಬೇಕಾಗುತ್ತದೆ, ಅಷ್ಟೇ ತೊಂದರೆ.

ಅಕ್ಷರ ನೋಡಿ ಆಡುವ ಬಾಯಿ

ಹಾಗಾದರೆ ಆ ನರ್ಸ್ ಹೇಳಿದ 'ಹಲಮಾ'ವೂ ಒಂದು ಪ್ರಾದೇಶಿಕ ಉಚ್ಚಾರಣೆಯೇ, ಅದನ್ನೂ ಹೀಗೇ ಒಪ್ಪಿಕೊಳ್ಳಬೇಕೇ ಎಂದು ನನ್ನನ್ನೇ ಕೇಳಿಕೊಂಡೆ. ಒಪ್ಪಲು ಮನಸ್ಸಾಗಲಿಲ್ಲ, ಮತ್ತು ಆ ಮನಸ್ಸಿಗೆ ಕಾರಣವಿದೆಯೆಂದು ಈಗಲೂ ಅನಿಸುತ್ತದೆ. ಆಲಮ್ಮ, ಹಣಮಂತ, ದಾವಣಗೇರಿ ಇವೆಲ್ಲ ಕಿವಿಯಿಂದ ಬಾಯಿಗೆ, ಬಾಯಿಂದ ಕಿವಿಗೆ ಸಾಗಿ ಬಂದ ಹೆಸರುಗಳು. ಸವೆದಿರಬಹುದು, ಹೊರಳಿರಬಹುದು, ಆದರೆ ಹಾಗೆ ಕರೆದರೆ ಅಲ್ಲಿಯವರು ಎದ್ದು ಬರುತ್ತಾರೆ. ಹಲಮಾ ಎಂಬುದು ಯಾರ ಬಾಯಿಂದಲೂ ಬಂದದ್ದಲ್ಲ. ಅದು ಇಂಗ್ಲಿಷ್ ಲಿಪಿಯಿಂದ ನೇರವಾಗಿ ಕಣ್ಣಿಗೆ ಬಿದ್ದು, ಕಣ್ಣಿನಿಂದ ನಾಲಿಗೆಗೆ ಬಂದದ್ದು. ಕನ್ನಡದಲ್ಲಿ ಅದನ್ನು ಬರೆದಿದ್ದರೆ 'ಹಾ' ದೀರ್ಘವೆಂಬುದರಲ್ಲಿ ಅನುಮಾನಕ್ಕೆ ಎಡೆಯೇ ಇರುತ್ತಿರಲಿಲ್ಲ. ಇಂಗ್ಲಿಷಿನಲ್ಲಿ ಹ್ರಸ್ವಕ್ಕೂ ದೀರ್ಘಕ್ಕೂ ಒಂದೇ ಎ, ಳಕ್ಕೂ ಲಕ್ಕೂ ಒಂದೇ ಎಲ್. ತಕಾರಕ್ಕೆ ನಾವು ಮೈಸೂರು ಕಡೆಯವರು ಟಿ-ಎಚ್ ಬರೆಯುತ್ತೇವೆ. ಉತ್ತರ ಭಾರತದವರು ಅದನ್ನು ಥಕಾರವೆಂದು ಓದಿ ನಮ್ಮ ಲತಾಳನ್ನು ಲಥಾ ಮಾಡುತ್ತಾರೆ, ನನ್ನನ್ನು ಹನುಮಂಥ ಮಾಡುತ್ತಾರೆ. ಪಾಪ, ಅವರ ತಪ್ಪಲ್ಲ. ನಾವು ಬರೆದದ್ದನ್ನೇ ಅವರು ನಿಷ್ಠೆಯಿಂದ ಓದುತ್ತಿದ್ದಾರೆ.

2014ರ ನವೆಂಬರ್ 1ರಂದು ಹನ್ನೆರಡು ಊರುಗಳ ಇಂಗ್ಲಿಷ್ ಹೆಸರುಗಳು ಬದಲಾದಾಗ ನಾನು ಸಂತೋಷಪಟ್ಟವರಲ್ಲಿ ಒಬ್ಬ. ಬೆಂಗಳೂರು, ಮೈಸೂರುಗಳಿಗೆ ಕೊನೆಯ ಉಕಾರ ಮರಳಿತು, ಶಿವಮೊಗ್ಗ ತನ್ನ ವಕಾರವನ್ನು ಪಡೆಯಿತು, ಹುಬ್ಬಳ್ಳಿಗೆ ಒತ್ತಕ್ಷರಗಳು ಬಂದವು. ಹತ್ತು ವರ್ಷ ದಾಟಿದ ಮೇಲೆ ಆ ಸಂತೋಷದಲ್ಲಿ ಸ್ವಲ್ಪ ಮುಜುಗರ ಸೇರಿಕೊಂಡಿದೆ. ತುಮಕೂರನ್ನೇ ತೆಗೆದುಕೊಳ್ಳಿ. ಆ ಊರಿನಲ್ಲಿ ಹುಟ್ಟಿ ಬೆಳೆದವರು ನಾಲ್ಕು ಅಕ್ಷರಗಳನ್ನೂ ಬಿಡಿಬಿಡಿಯಾಗಿ ತು-ಮ-ಕೂ-ರು ಎನ್ನುವುದನ್ನು ನಾನು ಕೇಳಿಲ್ಲ. ಅವರ ಬಾಯಲ್ಲಿ ಅದು ತುಮ್ಕೂರು, ಇನ್ನೂ ಅವಸರದಲ್ಲಿದ್ದರೆ ತುಮ್ಕೂರ್. ಬ್ರಿಟಿಷರ ಗುಮಾಸ್ತ ಬರೆದುಕೊಂಡ ಹಳೆಯ ಕಾಗುಣಿತ ಅವಮಾನವೆಂದು ನಾವು ಕಿತ್ತುಹಾಕಿದೆವು, ಆದರೆ ಆ ಒಂದು ಊರಿನ ಮಟ್ಟಿಗೆ ಅವನು ಜನರ ಬಾಯಿಯನ್ನೇ ಕೇಳಿ ಬರೆದುಕೊಂಡಿದ್ದನೇನೋ. ಈಗ ಮೊಬೈಲಿನಲ್ಲಿ ದಾರಿ ಹೇಳುವ ದನಿ ಹೊಸ ಕಾಗುಣಿತವನ್ನು ಓದಿ ಟುಮಾಕುರು ಎನ್ನುತ್ತದೆ. ಚಿಕ್ಕಮಗಳೂರನ್ನು ಅದು ಏನು ಮಾಡುತ್ತದೆಂಬುದನ್ನು ಬರೆಯಲು ಕನ್ನಡದ ಅಕ್ಷರಮಾಲೆ ಸಾಲದು. ಬದಲಾವಣೆ ತಪ್ಪೆಂದು ನಾನು ಹೇಳುವುದಿಲ್ಲ. ಬರಹಕ್ಕೆ ಒಂದು ರೂಪ ಬೇಕು, ಅದು ಕನ್ನಡದ ಬರಹವನ್ನೇ ಅನುಸರಿಸಬೇಕು. ಆದರೆ ಬರಹದ ರೂಪವೇ ಬಾಯಿಗೂ ಸರಿಯೆಂದು, ತುಮ್ಕೂರು ಎನ್ನುವ ಊರವನನ್ನು ಯಾರಾದರೂ ತಿದ್ದಲು ಹೊರಟರೆ ಮಾತ್ರ ನನ್ನ ಅಂಗೈ ಬಿಸಿಯಾಗುತ್ತದೆ.

ಬಿಜಾಪುರದ್ದು ಇನ್ನೊಂದು ಬಗೆ. ಅಲ್ಲಿ ಇಂಗ್ಲಿಷ್ ಕಾಗುಣಿತ ಕನ್ನಡದ ಹತ್ತಿರ ಬಂದದ್ದಷ್ಟೇ ಅಲ್ಲ, ಹೆಸರೇ ವಿಜಯಪುರ ಎಂದಾಯಿತು. ಆದರೆ ಆ ಕಡೆಯ ಹಿರಿಯರ ಬಾಯಲ್ಲಿ ವಿಜಾಪುರ ಎಂಬ ನಡುವಣ ರೂಪವೊಂದು ಮೊದಲಿಂದಲೂ ಇತ್ತು, ಕನ್ನಡದ ಹಳೆಯ ಅಚ್ಚಿನಲ್ಲೂ ಅದು ಸಿಗುತ್ತದೆ. ಯಕಾರ ಸವೆದು ಹೋದ ವಿಜಯಪುರವೇ ವಿಜಾಪುರವೆಂದು ನನ್ನ ಧಾರವಾಡದ ಗೆಳೆಯ ವಾದಿಸುತ್ತಿದ್ದ. ಸವೆದ ರೂಪಕ್ಕೆ ಬೋರ್ಡಿನಲ್ಲಿ ಜಾಗ ಸಿಗಲಿಲ್ಲ.

ಮತ್ತೆ ಆ ಮೇಜಿನ ಬಳಿ

ಪೊರೆಯ ಶಸ್ತ್ರಚಿಕಿತ್ಸೆಗೆ ದಿನ ಗೊತ್ತು ಮಾಡಿಸಲು ಎರಡು ವಾರದ ನಂತರ ಅದೇ ಆಸ್ಪತ್ರೆಗೆ ಹೋದೆವು. ಅದೇ ನರ್ಸ್ ಇದ್ದಳು, ನಮ್ಮನ್ನು ಗುರುತು ಹಿಡಿದಳು. ಹಿಂದಿನ ಸಲದ ಗಡುಸುತನಕ್ಕೆ ನನಗೇ ಸಂಕೋಚವಾಗಿ, ಹೋಗಿ ಮಾತಾಡಿಸಿದೆ. ಹೆಸರಿನ ಅರ್ಥ ಹೇಳಿದರೆ ನೆನಪಿರುತ್ತದೆಂದು, ಹಾಲು ಎಂದರೆ ನಿಮ್ಮ ಭಾಷೆಯ ಪಾಲ್ ಎಂದೆ. ಅವಳು ಕಣ್ಣರಳಿಸಿ, "ಪಾಲ್! ಅಮ್ಮಾ, ನಿಮ್ಮ ಹೆಸರು ಪಾಲಾ?" ಎಂದು ಅವ್ವನ ಕಡೆ ತಿರುಗಿ ನಕ್ಕಳು. ಅವ್ವನಿಗೆ ಅದೇನೂ ಅರ್ಥವಾಗಲಿಲ್ಲ. ನರ್ಸ್ ಎದ್ದು ಅವಳ ಪಕ್ಕಕ್ಕೆ ಬಂದು ಬಗ್ಗಿ, ತನಗೆ ಬರುವ ಕನ್ನಡದಲ್ಲಿ, ಮನೆಯಲ್ಲಿ ಎಲ್ಲರೂ ಏನೆಂದು ಕರೆಯುತ್ತಾರೆಂದು ಕೇಳಿದಳು.

"ಆಲಮ್ಮ" ಎಂದಳು ಅವ್ವ.

ಹಾಲಮ್ಮ ಎಂದು ತಿದ್ದಲು ನನ್ನ ಬಾಯಿ ತೆರೆದೇ ಇತ್ತು. ಮೂವತ್ತೈದು ವರ್ಷದ ಅಭ್ಯಾಸ. ಅಷ್ಟರಲ್ಲಿ ಆ ಹುಡುಗಿ ಇನ್ನೊಮ್ಮೆ ಹೇಳಲು ಅವ್ವನಿಗೆ ಹೇಳಿ, ಅವಳ ಬಾಯಿಯನ್ನೇ ನೋಡುತ್ತಾ ಕೇಳಿಸಿಕೊಂಡು, ಫೈಲಿನ ಮೇಲೆ ಅಚ್ಚಾಗಿದ್ದ ಇಂಗ್ಲಿಷ್ ಹೆಸರಿನ ಪಕ್ಕದಲ್ಲಿ ಪೆನ್ನಿನಿಂದ ಏನನ್ನೋ ಗೀಚಿಕೊಂಡಿದ್ದಳು. ನನಗೆ ಓದಲು ಬಾರದ ಮಲಯಾಳದ ಮೂರು ದುಂಡನೆಯ ಅಕ್ಷರಗಳು. ನಾವು ಹೋಗಿ ನಮ್ಮ ಕುರ್ಚಿಗಳಲ್ಲಿ ಕುಳಿತೆವು. ಅವ್ವ ಕಣ್ಣಿನ ಹನಿಯ ಬಾಟಲಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುತ್ತಿದ್ದಳು. ಅರ್ಧ ಗಂಟೆಯ ನಂತರ ಮೇಜಿನ ಕಡೆಯಿಂದ ಕರೆ ಬಂದಾಗ, ನಾನು ತಲೆಯೆತ್ತುವ ಮೊದಲೇ ಅವಳು "ಊ" ಎಂದು ಓಗೊಟ್ಟು, ಎದ್ದು, ಸೆರಗು ಸರಿಮಾಡಿಕೊಂಡು ಹೊರಟಿದ್ದಳು.